ಟೈಪ್ 1 ಶುಗರ್ ಬಂದ್ಮೇಲೆ ಮತ್ತೆ ರೇಸಿಗೆ ಇಳೀತಿದೀನಿ, ಬರೀ ಫಿನಿಶ್ ಅಲ್ಲ ಟೈಮಿಂಗ್ ಬೇಕು. ಅನುಭವ ಇರೋರು ಹೇಳಿ

ಹೇಮಾವತಿ ದಡ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಆಮೇಲೆ ಹೇಳಿ.

ಕಾಲೇಜಲ್ಲಿದ್ದಾಗ ಯೂನಿವರ್ಸಿಟಿ ಕ್ರಾಸ್ ಕಂಟ್ರಿ ಟೀಮಲ್ಲಿದ್ದೆ, ಟ್ರ್ಯಾಕಲ್ಲಿ 10,000 ಮೀಟರ್ 38 ನಿಮಿಷ 20 ಸೆಕೆಂಡಿಗೆ ಓಡಿದೀನಿ. ಆಮೇಲೆ ಕೆಲಸ, ಮದುವೆ, ಓಟ ನಿಂತೋಯ್ತು. 29ಕ್ಕೆ ಮಗ ಹುಟ್ಟಿದ. ಬಸುರಿಲಿ ಶುಗರ್ ಬಂದಿತ್ತು, ಹೆರಿಗೆ ಆದ್ಮೇಲೆ ಹೋಗುತ್ತೆ ಅಂದಿದ್ರು, ಹೋಗ್ಲಿಲ್ಲ. ಒಂದು ಆಸ್ಪತ್ರೇಲಿ ಟೈಪ್ 2 ಅಂತ ಎಂಟು ತಿಂಗಳು ಮಾತ್ರೆ ಕೊಟ್ರು. 54 ಕೆಜಿ ಇದ್ದೋಳು 43ಕ್ಕೆ ಇಳಿದೆ, ಕೊನೆಗೆ ವಾಂತಿ, ಏದುಸಿರು, ಕೀಟೋನ್ (ಇನ್ಸುಲಿನ್ ಇಲ್ಲದೆ ಕೊಬ್ಬು ಕರಗಿದಾಗ ರಕ್ತಕ್ಕೆ ಸೇರೋ ಆಮ್ಲ) ಏರಿ ಐಸಿಯು ಸೇರಿದೆ. ಅಲ್ಲಿ ಇನ್ನೊಬ್ರು ಡಾಕ್ಟ್ರು ಜಿಎಡಿ ಆಂಟಿಬಾಡಿ, ಸಿ-ಪೆಪ್ಟೈಡ್ ಅಂತ ರಕ್ತ ಪರೀಕ್ಷೆ ಮಾಡ್ಸಿ ಇದು ಟೈಪ್ 1, ದೇಹದಲ್ಲಿ ಇನ್ಸುಲಿನ್ ತಯಾರಾಗಲ್ಲ ಅಂದ್ರು. ಆ ಎಂಟು ತಿಂಗಳು ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಈಗ ನಂಗೆ 36. ಎರಡು ವರ್ಷದಿಂದ ಮತ್ತೆ ಓಡ್ತಿದೀನಿ, ಮೈಸೂರಿನ ಕುಕ್ಕರಹಳ್ಳಿ ಕೆರೆ, ವಾರಕ್ಕೊಂದಿನ ಚಾಮುಂಡಿ ವಿಹಾರ ಸ್ಟೇಡಿಯಂ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಕೈಗೆ ಶುಗರ್ ತೋರಿಸೋ ಸೆನ್ಸರ್. ಹೋದ ತಿಂಗಳು 10ಕೆ (10 ಕಿಮೀ ಓಟ) 46:10. ಸಮಸ್ಯೆ ಏನಂದ್ರೆ ನಿಧಾನಕ್ಕೆ ಲಾಂಗ್ ರನ್ ಮಾಡಿದ್ರೆ 50 ನಿಮಿಷಕ್ಕೆಲ್ಲ ಶುಗರ್ ಜರ್ರಂತ ಇಳಿದು 65ಕ್ಕೆ ಬರುತ್ತೆ. ಅದೇ ರೇಸಲ್ಲಿ 140ಕ್ಕೆ ಹೊರಟು 285ಕ್ಕೆ ಮುಗಿಸ್ತೀನಿ, 7ನೇ ಕಿಮೀ ಆದ್ಮೇಲೆ ತೊಡೆಗೆ ಮರಳುಮೂಟೆ ಕಟ್ಟಿದ ಹಾಗೆ. 285 ನೋಡಿ ಗಾಬರಿಯಾಗಿ ಪೂರ್ತಿ ಕರೆಕ್ಷನ್ ಡೋಸ್ (ಏರಿದ ಶುಗರ್ ಇಳಿಸೋ ಇನ್ಸುಲಿನ್) ತಗೊಂಡೆ, ಮಧ್ಯಾಹ್ನ ಎರಡು ಗಂಟೆಗೆ 52. ಮಗ ಸಕ್ಕರೆ ಡಬ್ಬ ತಂದು ಕೊಟ್ಟ, ಅವನಿಗೆ ಆರು ವರ್ಷ.

ಯಾರನ್ನ ಕೇಳಿದ್ರೂ "ಓಡ್ತಿದೀಯಲ್ಲ ಅದೇ ದೊಡ್ಡದು, ಫಿನಿಶ್ ಮಾಡಿದ್ರೆ ಸಾಕು" ಅಂತಾರೆ. ನಂಗೆ ಸಾಕಾಗಲ್ಲ. 35ರ ಮೇಲಿನ ಮಾಸ್ಟರ್ಸ್ ಗುಂಪಲ್ಲಿ ಟೈಮಿಂಗ್ ಬೇಕು. ಏಪ್ರಿಲ್ ಕೊನೆಗೆ ಬೆಂಗಳೂರು 10ಕೆ ಇದೆ, ಅಲ್ಲಿ 43ರ ಒಳಗೆ ಬರಬೇಕು ಅಂತ ಆಸೆ. ಶುಗರ್, ಥೈರಾಯ್ಡ್, ಆಸ್ತಮಾ, ಸಂಧಿವಾತ ಏನೇ ಇದ್ರೂ ಸರಿ, ಇಟ್ಕೊಂಡು ರೇಸ್ ಮಾಡೋರು ಹೇಗೆ ಮಾಡ್ತೀರ ಹೇಳಿ.

4ನಿಮಿಷ_ಕಿಮೀ:
38:20?? ಅಕ್ಕಾ ಅದು ಈಗ್ಲೂ ನನ್ನ ಟೈಮಿಂಗಿಗಿಂತ ಫಾಸ್ಟು 🙏

ಗಂಗೋತ್ರಿ ವಾಕರ್:
ತಂಗಿ, ಬೇಜಾರು ಮಾಡ್ಕೋಬೇಡಮ್ಮ, ವಯಸ್ಸಲ್ಲಿ ದೊಡ್ಡವನು ಅಂತ ಹೇಳ್ತೀನಿ. ಒಂದ್ಸಲ ಐಸಿಯು ನೋಡಿ ಬಂದಿದೀಯ, ಚಿಕ್ಕ ಮಗು ಇದೆ. ದಿನಾ ಒಂದು ಗಂಟೆ ಚೆನ್ನಾಗಿ ವಾಕ್ ಮಾಡು, ನಿಧಾನಕ್ಕೆ ಓಡು, ಯಾರು ಬೇಡ ಅಂದ್ರು. ಗಡಿಯಾರದ ಹಿಂದೆ ಯಾಕೆ ಬೀಳಬೇಕು? ರಸ್ತೇಲಿ ತಲೆಸುತ್ತಿ ಬಿದ್ರೆ ನೋಡ್ಕೊಳೋರು ಯಾರು.

ಕಾಂಗ್ರೆಸ್ ಗಿಡದ ಶತ್ರು:
ಸರ್ ಅವರು ಓಡಬೇಕೋ ಬೇಡವೋ ಅಂತ ಕೇಳೇ ಇಲ್ಲ, ಹೇಗೆ ಅಂತ ಕೇಳಿದಾರೆ. ವಾಸಿಮ್ ಅಕ್ರಮ್‌ಗೆ 1997ರಲ್ಲಿ ಶುಗರ್ ಬಂತು, ಇನ್ಸುಲಿನ್ ತಗೊಂಡೇ 2003ರ ತನಕ ಫಾಸ್ಟ್ ಬೌಲಿಂಗ್ ಹಾಕಿದ್ರು. ಅವರಿಗೆ ಯಾರೂ ವಾಕಿಂಗ್ ಮಾಡಿ ಅನ್ಲಿಲ್ಲ.

ಬೆಳಗಿನ ಓಟ:
ನಾನು ಫಿಸಿಶಿಯನ್, ನಾನೂ ಓಡ್ತೀನಿ. ಇಲ್ಲಿ ಬರೆಯೋದು ನಿಮ್ಮ ಡಾಕ್ಟ್ರ ಹತ್ರ ಕೂತು ಮಾತಾಡೋಕೆ ಮಾತ್ರ, ನೇರವಾಗಿ ಡೋಸ್ ಬದಲಾಯಿಸೋಕಲ್ಲ.

ನಿಮಗಾಗ್ತಿರೋದು ಎರಡು ಬೇರೆ ಬೇರೆ ವಿಷಯ. ನಿಧಾನಕ್ಕೆ ಓಡುವಾಗ ಸ್ನಾಯು ರಕ್ತದಿಂದ ಸಕ್ಕರೆ ಎಳ್ಕೊಳುತ್ತೆ. ಆರೋಗ್ಯವಾಗಿರೋರಲ್ಲಿ ಆಗ ದೇಹ ತಾನೇ ಇನ್ಸುಲಿನ್ ಕಮ್ಮಿ ಮಾಡುತ್ತೆ. ನೀವು ಚುಚ್ಚಿಕೊಂಡಿರೋದು ಒಳಗೆ ಹೋಗಿಬಿಟ್ಟಿದೆ, ವಾಪಸ್ ತೆಗೆಯೋಕಾಗಲ್ಲ, ಹಾಗಾಗಿ ಲೋ. ರೇಸಲ್ಲಿ ಅಡ್ರಿನಲಿನ್ ಏರುತ್ತೆ, ಸ್ನಾಯು ಉಪಯೋಗಿಸೋದಕ್ಕಿಂತ ಜಾಸ್ತಿ ಸಕ್ಕರೇನ ಲಿವರ್ ಹೊರಗೆ ಬಿಡುತ್ತೆ, ಹಾಗಾಗಿ ಹೈ. ಅದು ನಿಮ್ಮ ತಪ್ಪಲ್ಲ, ಊಟದ ಲೆಕ್ಕ ತಪ್ಪಿದ್ದೂ ಅಲ್ಲ.

2017ರಲ್ಲಿ ಟೈಪ್ 1 ಮತ್ತೆ ವ್ಯಾಯಾಮದ ಬಗ್ಗೆ ತಜ್ಞರೆಲ್ಲ ಸೇರಿ ಒಂದು ಮಾರ್ಗಸೂಚಿ ಮಾಡಿದ್ರು. ಅದರ ಪ್ರಕಾರ ಓಟ ಶುರುಮಾಡುವಾಗ 126ರಿಂದ 180 ಇದ್ರೆ ಒಳ್ಳೇದು. 90ಕ್ಕಿಂತ ಕಮ್ಮಿ ಇದ್ರೆ ಮೊದಲು 10–20 ಗ್ರಾಂ ಗ್ಲೂಕೋಸ್. 270 ದಾಟಿದ್ರೆ ಕೀಟೋನ್ ನೋಡಿ, ರಕ್ತದ ಕೀಟೋನ್ 1.5 ಅಥವಾ ಮೇಲಿದ್ರೆ ಅವತ್ತು ಓಟ ಇಲ್ಲ. ಹಿಂದಿನ 24 ಗಂಟೇಲಿ ಇನ್ನೊಬ್ರ ಸಹಾಯ ಬೇಕಾಗೋ ಅಷ್ಟು ಲೋ ಆಗಿದ್ರೂ ಇಲ್ಲ, ಯಾಕಂದ್ರೆ ಒಂದ್ಸಲ ಹಾಗೆ ಲೋ ಆದ್ರೆ ಮುಂದಿನ ಲೋ ಬರುವಾಗ ಕೈನಡುಕ ಬೆವರು ಅನ್ನೋ ಸೂಚನೆಗಳೇ ಮಂಕಾಗಿರುತ್ತೆ.

ರೇಸ್ ಆದ್ಮೇಲಿನ 285ಕ್ಕೆ ಪೂರ್ತಿ ಕರೆಕ್ಷನ್ ಬೇಡ. ಅಡ್ರಿನಲಿನ್ ಇಳಿದಂಗೆ ಅದೂ ಇಳಿಯುತ್ತೆ, ಜೊತೆಗೆ ಖಾಲಿಯಾದ ಸ್ನಾಯು ಗಂಟೆಗಟ್ಟಲೆ ಸಕ್ಕರೆ ಎಳ್ಕೊಳ್ತಾ ಇರುತ್ತೆ. ಸಾಮಾನ್ಯವಾಗಿ ಅರ್ಧ ಕರೆಕ್ಷನ್ ಕೊಟ್ಟು ಕಾಯೋದು. ನಿಮ್ಮ ಎರಡು ಗಂಟೆಯ 52 ಬಂದಿದ್ದು ಇಲ್ಲಿಂದಲೇ.

ಹೇಮಾವತಿ ದಡ:
ಡಾಕ್ಟ್ರೇ ತುಂಬಾ ಥ್ಯಾಂಕ್ಸ್. "ನಿಮ್ಮ ತಪ್ಪಲ್ಲ" ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ. ಹೈ ಆದಾಗೆಲ್ಲ "ಏನ್ ತಿಂದೆ" ಅಂತಾನೇ ಮೊದಲ ಪ್ರಶ್ನೆ.

ಹುಬ್ಬಳ್ಳಿ ಅವ್ವ:
ಅಕ್ಕಾರ ನನ್ನ ಮಗಗ 11 ವರ್ಷ ರೀ, ಟೈಪ್ 1 ಅಂತ ಗೊತ್ತಾಗಿ ಮೂರು ವರ್ಷ ಆತು. ಸಾಲ್ಯಾಗ ಓಡೂದ್ರಾಗ ಫಸ್ಟ್ ಬರ್ತಾನ, ಆದ್ರ ಪಿಟಿ ಮಾಸ್ತರು ಈ ವರ್ಷ ಟೀಮಿನ್ಯಾಗ ತಗೊಳ್ಳಲಿಲ್ಲ, "ಏನರ ಆದ್ರ ನಮ್ಮ ತಲಿಮ್ಯಾಗ ಬರ್ತದ" ಅಂದ್ರು. ರಾತ್ರಿ ಹೊತ್ಕೊಂಡು ಅತ್ತ ರೀ ಕೂಸು. ನಿಮ್ಮ ಟೈಮಿಂಗ್ ಓದಿ ತೋರಿಸಿದೆ ಅವಂಗ. "38 ನಿಮಿಷ ಅಂದ್ರ ಎಷ್ಟ್ ಜೋರ್ ಓಡ್ಯಾರ ಅವ್ವಾ" ಅಂತ ಕೇಳಕತ್ತಾನ. ನೀವು ಓಡ್ರಿ. ವಾಕಿಂಗ್ ಅನ್ನೋರ ಮಾತು ಕೇಳಬ್ಯಾಡ್ರಿ.

ಗಂಗೋತ್ರಿ ವಾಕರ್:
ತಾಯಿ, ನಾನು ಮಗು ಓಡಬಾರದು ಅಂತ ಹೇಳ್ಲಿಲ್ಲ. ನನ್ನ ತಮ್ಮ ಇದೇ ಶುಗರಿಂದ 41ಕ್ಕೆ ಹೋದ. ಭಯಕ್ಕೆ ಹೇಳಿದ್ದು.

ಹುಬ್ಬಳ್ಳಿ ಅವ್ವ:
ಅಯ್ಯ ಯಪ್ಪಾ, ಗೊತ್ತಿರಲಿಲ್ಲ ರೀ. ಸಿಟ್ಟಿಗೆ ಬಂದು ಅಂದ್ನಿ, ಮನಸಿಗೆ ಹಚ್ಕೋಬ್ಯಾಡ್ರಿ.

ಹಳೇ ಕೋಚ್:
ಟ್ರೈನಿಂಗ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನು ಮಾತಾಡ್ತೀನಿ. 46:10 ಅಂದ್ರೆ ಕಿಮೀಗೆ 4:37. 43 ಅಂದ್ರೆ 4:18. ಹತ್ತೊಂಬತ್ತು ಸೆಕೆಂಡ್ ಬೇಕು, ಎರಡೂವರೆ ತಿಂಗಳಲ್ಲಿ ಅದು ಸಣ್ಣದಲ್ಲ. ಆದ್ರೆ 38 ಓಡಿರೋ ಕಾಲು ಅದು, ಹೊಸದಾಗಿ ಕಲಿಯೋದು ಏನೂ ಇಲ್ಲ. ವಾರಕ್ಕೆ ಎಷ್ಟು ಕಿಮೀ ಓಡ್ತೀಯಮ್ಮ? ನಂಗನ್ಸೋದು ನೀನು ಎಲ್ಲಾ ದಿನ ಮಧ್ಯಮ ಜೋರಲ್ಲಿ ಓಡ್ತಿದೀಯ. ವಾಪಸ್ ಬರೋ ಹಳೇ ಅಥ್ಲೀಟ್‌ಗಳೆಲ್ಲ ಇದೇ ತಪ್ಪು ಮಾಡೋದು, ಮನಸ್ಸಲ್ಲಿ ಹಳೇ ಪೇಸ್ ಕೂತಿರುತ್ತೆ. ಸುಲಭದ ದಿನ ಪಕ್ಕದಲ್ಲಿರೋರ ಜೊತೆ ಮಾತಾಡ್ಕೊಂಡು ಓಡೋಷ್ಟು ನಿಧಾನ ಇರಬೇಕು, ಕಿಮೀಗೆ ಆರು ನಿಮಿಷ ಆದ್ರೂ ನಾಚಿಕೆ ಬೇಡ. ವಾರಕ್ಕೆ ಒಂದೇ ಒಂದು ಟ್ರ್ಯಾಕ್ ದಿನ, ಒಂದು ಸಾವಿರ ಮೀಟರಿನ ಐದು ರಿಪೀಟು, ಮಧ್ಯೆ ಎರಡು ನಿಮಿಷ ಜಾಗ್. ಇನ್ನೊಂದು ದಿನ 20 ನಿಮಿಷ ಟೆಂಪೋ, ಅಂದ್ರೆ ಒಂದೇ ಸಮ ಜೋರು ಓಟ. ಅಷ್ಟೇ.

ಹೇಮಾವತಿ ದಡ:
ಕೋಚ್ ಸರ್ ವಾರಕ್ಕೆ 38–40 ಕಿಮೀ. ಹೌದು, ಎಲ್ಲಾ ದಿನ 5:10ಕ್ಕೇ ಓಡ್ತಿದೀನಿ, ಹೇಗೆ ಗೊತ್ತಾಯ್ತು!

ತುಂಗಾ ತೀರ:
ನಂಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಸಂಧಿವಾತ, ಏಳು ವರ್ಷ ಆಯ್ತು. ಬೆಳಿಗ್ಗೆ ಎದ್ರೆ ಬೆರಳು ಮಡಚೋಕಾಗಲ್ಲ, ಕುಕ್ಕರ್ ಮುಚ್ಚಳ ತೆಗೆಯೋಕೆ ಒಂದು ಗಂಟೆ ಕಾಯಬೇಕು. ಹಾಗಿದ್ರೂ ಹೋದ ವರ್ಷ ಎರಡು ಹಾಫ್ ಮ್ಯಾರಥಾನ್ ಓಡಿದೆ, ಒಂದು 2:04.

ನಂಗೆ ತುಂಬ ತಡವಾಗಿ ಗೊತ್ತಾಗಿದ್ದು ಏನಂದ್ರೆ ಔಷಧಿಯ ಕ್ಯಾಲೆಂಡರು ಮೊದಲು, ಟ್ರೈನಿಂಗ್ ಕ್ಯಾಲೆಂಡರು ಆಮೇಲೆ. ಮೆಥೊಟ್ರೆಕ್ಸೇಟ್ ವಾರಕ್ಕೊಂದ್ಸಲ ತಗೋತೀನಿ, ಮೊದಲಿಂದ ಶನಿವಾರ ರಾತ್ರಿ. ಭಾನುವಾರ ಪೂರ್ತಿ ವಾಕರಿಕೆ, ತಲೆ ಭಾರ. ಆ ಭಾನುವಾರವೇ ಲಾಂಗ್ ರನ್! ಎರಡು ವರ್ಷ "ನನ್ ಕೈಲಿ ಆಗಲ್ಲ" ಅಂತಲೇ ಅಂದ್ಕೊಂಡಿದ್ದೆ. ಡಾಕ್ಟ್ರನ್ನ ಕೇಳಿ ಬುಧವಾರಕ್ಕೆ ಬದಲಾಯಿಸಿಕೊಂಡೆ, ಗುರುವಾರ ರೆಸ್ಟು. ಲಾಂಗ್ ರನ್ ತಾನಾಗೇ ಸರಿಹೋಯ್ತು.

ಇನ್ನೊಂದು, ಫ್ಲೇರ್ ಇರೋ ವಾರ, ಅಂದ್ರೆ ಕೀಲುನೋವು ಕೆರಳಿದಾಗ, ಓಡಲ್ಲ. ಮೊದಲು ಪೇನ್‌ಕಿಲ್ಲರ್ ನುಂಗಿ ಓಡ್ತಿದ್ದೆ. ಬಿಸಿಲಲ್ಲಿ ನೀರು ಕಮ್ಮಿಯಾಗಿರುವಾಗ ಆ ಮಾತ್ರೆಗಳು ಕಿಡ್ನಿಗೆ ಹೊಡೆತ, ನನ್ನ ಕ್ರಿಯಾಟಿನಿನ್ (ಕಿಡ್ನಿ ಸೊರಗಿದ್ರೆ ರಕ್ತದಲ್ಲಿ ಏರೋ ಅಂಶ) ಏರಿದ್ಮೇಲೆ ಬುದ್ಧಿ ಬಂತು. ದಯವಿಟ್ಟು ಯಾರೂ ಮಾಡ್ಬೇಡಿ.

ಮುದ್ದೆ ಪ್ರಿಯ:
ಅಕ್ಕ ರಾತ್ರಿ ರಾಗಿ ಮುದ್ದೆ ತಿನ್ನಿ ಬೆಳಿಗ್ಗೆ ಓಡಿ, ರಾಗಿ ಶುಗರ್ ಏರಿಸಲ್ಲ.

ಬೆಳಗಿನ ಓಟ:
ಏರಿಸುತ್ತೆ. ರಾಗಿ ಹಿಟ್ಟಲ್ಲೂ ನೂರು ಗ್ರಾಮಿಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಕ್ಕಿ ಬಿಟ್ಟು ರಾಗಿ ಅಂತ ದೊಡ್ಡ ದೊಡ್ಡ ಮುದ್ದೆ ಎರಡು ತಿಂದು ಶುಗರ್ ಯಾಕೆ ಏರ್ತು ಅಂತ ಕೇಳೋರು ನನ್ನ ಹತ್ರ ದಿನಾ ಬರ್ತಾರೆ. ಟೈಪ್ 1 ಇರೋರು ಹಿಟ್ಟು ತೂಗಿ ಲೆಕ್ಕ ಹಾಕಿದ್ರೆ ಮುದ್ದೆ, ಅನ್ನ, ಹೋಳಿಗೆ ಎಲ್ಲವನ್ನೂ ತಿನ್ನಬಹುದು.

ಮುದ್ದೆ ಪ್ರಿಯ:
ಸರಿ ಸರ್. ಆದ್ರೂ ಬಸ್ಸಾರು ಮುದ್ದೆ ತಿಂದು ಓಡಿದ್ರೆ ಬರೋ ತ್ರಾಣ ಬೇರೇನೇ.

ಹಳೇ ಕೋಚ್:
ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ನಾಟಿ ಮದ್ದು:
ಅಮೃತಬಳ್ಳಿ ಎಲೆ, ಹಾಗಲಕಾಯಿ ರಸ ಬರೀ ಹೊಟ್ಟೇಲಿ 48 ದಿನ ತಗೊಳಿ, ಇನ್ಸುಲಿನ್ ನಿಲ್ಲಿಸಬಹುದು. ನಮ್ಮೂರಲ್ಲಿ ಎಷ್ಟೋ ಜನಕ್ಕೆ ವಾಸಿಯಾಗಿದೆ.

ಹೇಮಾವತಿ ದಡ:
ಇದನ್ನ ದಯವಿಟ್ಟು ಟೈಪ್ 1 ಇರೋರಿಗೆ ಯಾರಿಗೂ ಹೇಳ್ಬೇಡಿ. ನಾನು ಐಸಿಯುಗೆ ಹೋಗೋ ಮುಂಚೆ ಮನೇಲಿ ಹಾಗಲಕಾಯಿ ರಸ ಕುಡಿಸ್ತಾ ಇದ್ರು, ಪ್ರೀತಿಯಿಂದಲೇ. ನಮ್ಮ ದೇಹದಲ್ಲಿ ಇನ್ಸುಲಿನ್ ತಯಾರಾಗೋದೇ ಇಲ್ಲ. 1922ರ ಜನವರೀಲಿ ಟೊರಾಂಟೋದಲ್ಲಿ ಒಬ್ಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದ್ರು. ಅದಕ್ಕೂ ಮುಂಚೆ ಟೈಪ್ 1 ಅಂದ್ರೆ ಸಾವೇ, ಯಾವ ದೇಶದಲ್ಲಾದ್ರೂ, ಯಾವ ಸೊಪ್ಪು ತಿಂದ್ರೂ. ಇನ್ಸುಲಿನ್ ನಿಲ್ಲಿಸಿದ್ರೆ ಕೆಲವೇ ದಿನದಲ್ಲಿ ಕೀಟೋನ್ ಏರಿ ಜೀವ ಹೋಗುತ್ತೆ.

ಹುಬ್ಬಳ್ಳಿ ಅವ್ವ:
ಖರೇ ಐತ್ರಿ. ನಮಗೂ ಹಿಂಗ ಹೇಳಿದ್ರು, ಪುಣ್ಯಕ್ಕ ನಾವು ಕೇಳಲಿಲ್ಲ.

ಕಾಂಗ್ರೆಸ್ ಗಿಡದ ಶತ್ರು:
ನಂದು ಆಸ್ತಮಾ. ಹೆಸರು ನೋಡಿದ್ರೇ ಗೊತ್ತಾಗುತ್ತೆ, ಬೆಂಗಳೂರಲ್ಲಿ ಖಾಲಿ ಸೈಟು ಇರೋ ಕಡೆಯೆಲ್ಲ ಪಾರ್ಥೇನಿಯಂ, ಅದು ಹೂ ಬಿಟ್ಟಾಗ ನನ್ನ ಎದೆ ಸಿಳ್ಳೆ ಹೊಡೆಯುತ್ತೆ. ಟೈಮಿಂಗ್ ಬೇಕು ಅನ್ನೋ ಹಸಿವು ನಂಗೆ ಚೆನ್ನಾಗಿ ಅರ್ಥ ಆಗುತ್ತೆ. ಬ್ರಿಟನ್ನಿನ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್‌ಗೆ ಹದಿಹರೆಯದಿಂದ ಆಸ್ತಮಾ, ಅದನ್ನ ಇಟ್ಕೊಂಡೇ 2003ರಲ್ಲಿ ಲಂಡನ್‌ನಲ್ಲಿ ಮ್ಯಾರಥಾನ್ 2:15:25ಕ್ಕೆ ಓಡಿದ್ದು. ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸ್ಸಿ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಮ್ಯಾರಥಾನ್ ಬಿಟ್ರು, ಅಲ್ಲಿನ ಗಾಳಿ ತನ್ನ ಆಸ್ತಮಾಗೆ ಆಗಲ್ಲ ಅಂತ. 10,000 ಮೀಟರ್ ಮಾತ್ರ ಓಡಿದ್ರು. ಮುಂದಿನ ತಿಂಗಳೇ ಬರ್ಲಿನ್‌ನಲ್ಲಿ 2:03:59 ವಿಶ್ವದಾಖಲೆ. ನಂಗೆ ಆ ದಾಖಲೆಗಿಂತ ದೊಡ್ಡದಾಗಿ ಕಾಣೋದು ಒಲಿಂಪಿಕ್ಸ್ ಮ್ಯಾರಥಾನನ್ನೇ ಬಿಟ್ಟಿದ್ದು. ಯಾವ ರೇಸ್ ಬಿಡಬೇಕು ಅಂತ ಗೊತ್ತಿರೋರೇ ರೇಸರ್.

ನನ್ನ ಕ್ರಮ: ಇನ್ಹೇಲರ್ 15 ನಿಮಿಷ ಮುಂಚೆ, ವಾರ್ಮಪ್ಪಲ್ಲಿ ಆರೇಳು ಸಣ್ಣ ಸ್ಪ್ರಿಂಟು. ವಾರ್ಮಪ್ ಸರಿಯಾಗಿ ಮಾಡಿದ್ರೆ ಆಮೇಲೆ ಸ್ವಲ್ಪ ಹೊತ್ತು ಎದೆ ಬಿಗಿಯೋದು ಕಮ್ಮಿ.

4ನಿಮಿಷ_ಕಿಮೀ:
ಇನ್ಹೇಲರ್ ಡೋಪಿಂಗ್ ಅಲ್ವಾ?

ಕಾಂಗ್ರೆಸ್ ಗಿಡದ ಶತ್ರು:
ಇನ್ಹೇಲರಲ್ಲಿರೋ ಸಾಲ್ಬುಟಮಾಲ್ ಎಳೆದುಕೊಳ್ಳೋದಕ್ಕೆ ಮಿತಿ ಇದೆ, 24 ಗಂಟೇಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೇಲಿ 600 ದಾಟಬಾರದು. ನನ್ನದು ಒಂದು ಪಫ್ 100, ಎರಡು ಪಫ್ ತಗೋತೀನಿ. ಆದ್ರೆ ಹೇಮಾವತಿಯವರೇ ನಿಮಗೆ ಇದು ಮುಖ್ಯ, ಇನ್ಸುಲಿನ್ ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ, ರೇಸ್ ದಿನ ಮಾತ್ರ ಅಲ್ಲ ಎಲ್ಲಾ ಕಾಲಕ್ಕೂ.

ಹೇಮಾವತಿ ದಡ:
ಏನು??? ನಂಗೆ ಜೀವ ಉಳಿಸೋ ಔಷಧಿ ಅದು!

ಬೆಳಗಿನ ಓಟ:
ಗಾಬರಿ ಬೇಡ. ಆರೋಗ್ಯವಾಗಿರೋರು ಸ್ನಾಯು ಬೆಳೆಸೋಕೆ ದುರುಪಯೋಗ ಮಾಡ್ಕೋತಾರೆ ಅಂತ ಪಟ್ಟಿಗೆ ಹಾಕಿದಾರೆ. ನಿಮ್ಮಂಥೋರಿಗೆ ಚಿಕಿತ್ಸಾ ವಿನಾಯಿತಿ ಅಂತ ಇದೆ, ಟಿಯುಇ ಅಂತಾರೆ. ರಾಷ್ಟ್ರಮಟ್ಟದಲ್ಲಿ ಓಡೋರು ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾಗೆ ಮೊದಲೇ ಅರ್ಜಿ ಹಾಕಬೇಕು. ಜಿಎಡಿ ರಿಪೋರ್ಟು, ಐಸಿಯು ಡಿಸ್ಚಾರ್ಜ್ ಸಮ್ಮರಿ, ಡಾಕ್ಟ್ರ ಪತ್ರ ಎಲ್ಲಾ ಒಂದು ಫೈಲಲ್ಲಿ ಇಟ್ಕೊಳಿ. ಹವ್ಯಾಸಕ್ಕೆ ಓಡೋರು ಟೆಸ್ಟ್ ಆದ್ಮೇಲೂ ಅರ್ಜಿ ಹಾಕಬಹುದು, ಆದ್ರೆ ನೀವು ಮಾಸ್ಟರ್ಸ್ ನ್ಯಾಷನಲ್ಸ್ ಅಂತ ಹೊರಟ್ರೆ ಮೊದಲೇ ವಿಚಾರಿಸಿ. ತುಂಗಾ ತೀರ ಅವರೇ, ಮೆಥೊಟ್ರೆಕ್ಸೇಟಿಗೆ ನಿಷೇಧ ಇಲ್ಲ. ಫ್ಲೇರ್ ಅಂತ ಪ್ರೆಡ್ನಿಸಲೋನ್ ಮಾತ್ರೆಯೋ ಸ್ಟೆರಾಯ್ಡ್ ಇಂಜೆಕ್ಷನ್ನೋ ತಗೊಂಡ್ರೆ ಅದು ಸ್ಪರ್ಧೆಯ ಸಮಯದಲ್ಲಿ ನಿಷೇಧ.

ತುಂಗಾ ತೀರ:
ಇದು ನಂಗೂ ಗೊತ್ತಿರ್ಲಿಲ್ಲ ಡಾಕ್ಟ್ರೇ.

ರೈನ್ ದಡದ ಕನ್ನಡಿಗ:
ಜರ್ಮನಿಯಿಂದ. ಟೈಪ್ 1, 19 ವರ್ಷ. ಬರ್ಲಿನ್ ಮ್ಯಾರಥಾನ್ ಎರಡು ಸಲ ಓಡಿದೀನಿ. ನಂದು ಇನ್ಸುಲಿನ್ ಪಂಪ್, ಸೆನ್ಸರ್ ನೋಡ್ಕೊಂಡು ತಾನೇ ಇನ್ಸುಲಿನ್ ಹೆಚ್ಚು ಕಮ್ಮಿ ಮಾಡುತ್ತೆ. ಓಟಕ್ಕೆ ಒಂದೂವರೆ ಗಂಟೆ ಮುಂಚೆ ಅದರ ಶುಗರ್ ಟಾರ್ಗೆಟ್ ಮೇಲಕ್ಕೆ ಏರಿಸಿಡ್ತೀನಿ, ಹೊರಡೋ ಹೊತ್ತಿಗೆ ನೋಡಿದ್ರೆ ತಡವಾಯ್ತು. ಇಲ್ಲಿ ಸೆನ್ಸರ್ ವಿಮೆಯಿಂದ ಬರುತ್ತೆ, ಊರಲ್ಲಿ ಕೈಯಿಂದ ಹಾಕಬೇಕು ಅಂತ ಗೊತ್ತು. ಅದಕ್ಕೇ ಪಂಪ್ ತಗೊಳಿ ಅಂತ ಹೇಳಲ್ಲ. ಇನ್ಸುಲಿನ್ ಪೆನ್ನಲ್ಲೇ ಹೇಗೆ ಮಾಡ್ತಿದ್ದೆ ಅಂತ ಹೇಳ್ತೀನಿ.

ಬೆಳಗಿನ ಜಾವ, ಊಟದ ಇನ್ಸುಲಿನ್ ಮೈಯಲ್ಲಿ ಇಲ್ಲದಾಗ ಲಾಂಗ್ ರನ್. ಸಂಜೆ ಓಡಿದ್ರೆ ರಾತ್ರಿ ನಿದ್ದೇಲಿ ಲೋ ಆಗೋ ಅಪಾಯ ಜಾಸ್ತಿ. ತೊಡೆಗೆ ಚುಚ್ಚಿಕೊಂಡು ಓಡಬಾರದು, ಕೆಲಸ ಮಾಡೋ ಸ್ನಾಯು ಹತ್ರ ಬೇಗ ಹೀರಿಕೊಳ್ಳುತ್ತೆ, ಹೊಟ್ಟೆಗೆ ಚುಚ್ಚಿ. ಸೆನ್ಸರ್ ತೋರಿಸೋದು ರಕ್ತದ್ದಲ್ಲ, ಚರ್ಮದ ಕೆಳಗಿನ ದ್ರವದ್ದು, ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತೆ. ಜೋರಾಗಿ ಇಳೀತಿರುವಾಗ ಸೆನ್ಸರ್ 90 ಅಂದ್ರೆ ನಿಜ 70 ಇರಬಹುದು. ಅದಕ್ಕೇ ಸಂಖ್ಯೆಗಿಂತ ಏರ್ತಿದ್ಯೋ ಇಳೀತಿದ್ಯೋ ತೋರಿಸೋ ಬಾಣದ ಗುರುತು ನೋಡಿ.

ಒಂದು ಕಥೆ ಹೇಳಲೇಬೇಕು. ನನ್ನ ಮೊದಲ ಹಾಫ್ ಮುಗಿಸಿ ಬೆರಳು ಚುಚ್ಚಿ ನೋಡಿದೆ, ಮೀಟರ್ 380. ಇನ್ಸುಲಿನ್ ತಗೊಳೋಕೆ ಪೆನ್ ತೆಗೆದೆ. ಪಕ್ಕದಲ್ಲಿದ್ದ ಒಬ್ಬ ನರ್ಸ್ ಕೈ ಹಿಡ್ಕೊಂಡು "ಕೈ ತೊಳೆದ್ರಾ?" ಅಂದ್ರು. 18ನೇ ಕಿಮೀಲಿ ಸಕ್ಕರೆ ಜೆಲ್ ತಿಂದಿದ್ದೆ, ಬೆರಳಿಗೆ ಅಂಟಿತ್ತು. ತೊಳೆದು ನೋಡಿದ್ರೆ 88. ಆ 380ಕ್ಕೆ ಡೋಸ್ ತಗೊಂಡಿದ್ರೆ ಇವತ್ತು ಇಲ್ಲಿ ಬರೀತಿರ್ಲಿಲ್ಲ.

ಹೇಮಾವತಿ ದಡ:
ಮೈ ಜುಂ ಅಂತು. ರೇಸ್ ಬ್ಯಾಗಿಗೆ ಒದ್ದೆ ಬಟ್ಟೆ ಸೇರಿಸ್ತೀನಿ.

4ನಿಮಿಷ_ಕಿಮೀ:
ನಾನೆಲ್ಲೋ ಓದಿದ್ದೆ, ಓಡ್ತಾ ಓಡ್ತಾ ಶುಗರ್ ಇಳೀತಿದ್ರೆ 10 ಸೆಕೆಂಡ್ ಫುಲ್ ಸ್ಪ್ರಿಂಟ್ ಹೊಡೆದ್ರೆ ಇಳಿಯೋದು ನಿಲ್ಲುತ್ತಂತೆ, ನಿಜಾನಾ?

ಬೆಳಗಿನ ಓಟ:
ನಿಜ, ಸ್ವಲ್ಪ ಹೊತ್ತು ತಡೆಯುತ್ತೆ. ಆದ್ರೆ ಆಗಲೇ 70ರ ಕೆಳಗೆ ಬಂದಿದ್ರೆ ಅದು ಚಿಕಿತ್ಸೆ ಅಲ್ಲ. ನಿಂತು 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡೋದು.

ಕುಡ್ಲ ರನ್ನರ್:
15 ಗ್ರಾಂ ಅಂದ್ರೆ ಎಷ್ಟು ಮಾರಾಯ್ರೆ, ತಕ್ಕಡಿ ಹಿಡ್ಕೊಂಡು ಓಡ್ಲಿಕ್ಕೆ ಆಗ್ತದಾ? ನನ್ನ ಹೆಂಡತಿಗೂ ಟೈಪ್ 1 ಉಂಟು, ಅವಳು ಮೂರು ಚಮಚ ಸಕ್ಕರೆ ಸಣ್ಣ ಪ್ಲಾಸ್ಟಿಕ್ಕಲ್ಲಿ ಕಟ್ಟಿ ಇಟ್ಕೊಳ್ತಾಳೆ. ಏಲಕ್ಕಿ ಬಾಳೆಹಣ್ಣು ಒಂದರಲ್ಲಿ ಹತ್ತು ಹನ್ನೆರಡು ಗ್ರಾಂ ಅಂತ ಲೆಕ್ಕ. ಚಿಕ್ಕಿ ಬೇಡ, ಶೇಂಗಾ ಎಣ್ಣೆ ಇರುವ ಕಾರಣ ನಿಧಾನ ಆಗ್ತದೆ, ಚಾಕಲೇಟ್ ಕೂಡ ಹಾಗೆಯೇ.

ಹುಬ್ಬಳ್ಳಿ ಅವ್ವ:
ಬ್ಯಾಸಗ್ಯಾಗ ಓಡೂ ಮುಂದ ಇನ್ಸುಲಿನ್ ಎಲ್ಲಿ ಇಡ್ತೀರಿ? ನಮ್ಮ ಕಡೆ ಏಪ್ರಿಲ್‌ನ್ಯಾಗ 40 ಡಿಗ್ರಿ, ಕರೆಂಟು ಬ್ಯಾರೆ ಹೋಗ್ತದ. ತವರುಮನಿಗೆ ಹೋದಾಗ ಫ್ರಿಜ್ ಇಲ್ಲ, ಸಣ್ಣ ಗಡಿಗಿ ಒಳಗ ಪೆನ್ ಇಟ್ಟು, ಅದನ್ನ ದೊಡ್ಡ ಗಡಿಗ್ಯಾಗ ಹಸಿ ಉಸುಕಿನ ನಡುವ ಇಡ್ತೀನಿ, ಮ್ಯಾಲ ಹಸಿ ಅರಿವಿ. ಡಾಕ್ಟರ್ ಮೇಡಮ್ಮಾರನ ಹೇಳಿಕೊಟ್ಟದ್ದು.

ಬೆಳಗಿನ ಓಟ:
ಒಳ್ಳೇ ವಿಧಾನ ತಾಯಿ. ಬಿಸಿಲಲ್ಲಿ ನಿಂತ ಕಾರಲ್ಲಂತೂ ಯಾರೂ ಬಿಡ್ಬೇಡಿ.

ಗಂಗೋತ್ರಿ ವಾಕರ್:
ಎಲ್ಲಾ ಓದಿದೆ. ಇಷ್ಟು ಲೆಕ್ಕ ಇಟ್ಕೊಂಡು ಓಡ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ತಂಗಿ, ಒಂದೇ ಕೇಳ್ಕೋತೀನಿ, ಒಬ್ಳೇ ಓಡಬೇಡ. ಕುಕ್ಕರಹಳ್ಳೀಲಿ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಇರ್ತೀನಿ. ಜೇಬಲ್ಲಿ ಗ್ಲೂಕೋಸ್ ಇಟ್ಕೊಂಡಿರ್ತೀನಿ.

ಹೇಮಾವತಿ ದಡ:
ಅಣ್ಣ ಖಂಡಿತ ಬರ್ತೀನಿ. ಬಿಬ್ (ಎದೆಗೆ ಹಾಕೋ ನಂಬರ್ ಚೀಟಿ) ಹಿಂದೆ ಟೈಪ್ 1 ಅಂತ, ಯಜಮಾನ್ರ ನಂಬರು ಬರೀತೀನಿ, ಕೈಗೆ ಬ್ಯಾಂಡೂ ಹಾಕ್ತೀನಿ.

ತುಂಗಾ ತೀರ:
ಒಂದು ವಿಷಯ ಕೇಳ್ತೀನಿ, ಹೆಣ್ಮಕ್ಕಳು ಇದನ್ನ ಮಾತಾಡೋದೇ ಇಲ್ಲ. ಪೀರಿಯಡ್ಸ್ ಹತ್ರ ಬಂದಾಗ ನಿಮಗೆ ಶುಗರ್ ವ್ಯತ್ಯಾಸ ಆಗುತ್ತಾ? ನಂಗೆ ಆಗ ಕೀಲುನೋವು ಜಾಸ್ತಿ.

ಹೇಮಾವತಿ ದಡ:
ತುಂಬ. ನಾಲ್ಕೈದು ದಿನ ಮುಂಚಿಂದ ಅದೇ ಊಟಕ್ಕೆ ಜಾಸ್ತಿ ಇನ್ಸುಲಿನ್ ಬೇಕು, ಶುರುವಾದ ದಿನವೇ ಧಡಕ್ಕಂತ ಇಳಿಯುತ್ತೆ. ಡೈರೀಲಿ ಬರೆಯೋಕೆ ಶುರುಮಾಡಿದ್ಮೇಲೆ ಗೊತ್ತಾಯ್ತು. ಈಗ ಟ್ರೈನಿಂಗ್ ಪುಸ್ತಕದಲ್ಲೇ ನಾಲ್ಕು ಕಾಲಂ, ಕಿಮೀ, ಪೇಸ್, ಶುಗರ್ ಮುಂಚೆ ಮತ್ತೆ ಆಮೇಲೆ, ತಿಂಗಳ ದಿನ.

ಹಳೇ ಕೋಚ್:
ಐದನೇ ಕಾಲಂ ಹಾಕು, ನಿದ್ದೆ ಎಷ್ಟು ಗಂಟೆ.

(ಹತ್ತು ವಾರ ಆದ್ಮೇಲೆ)

ಹೇಮಾವತಿ ದಡ:
ನೆನ್ನೆ ಬೆಂಗಳೂರು 10ಕೆ ಮುಗಿಸಿ ಬಂದೆ. 43:41.

43ರ ಒಳಗೆ ಬರ್ಲಿಲ್ಲ. ಫಿನಿಶ್ ದಾಟಿ ಗಡಿಯಾರ ನೋಡಿ ಅಳು ಬಂತು, ನಿಜವಾಗ್ಲೂ ಬೇಜಾರಾಯ್ತು. ಆ ಬೇಜಾರನ್ನೂ ಹೇಳ್ಬೇಕು ಅನ್ಸ್ತು, ಯಾಕಂದ್ರೆ ಪಕ್ಕದಲ್ಲಿದ್ದೋರೆಲ್ಲ ಮತ್ತೆ "ಫಿನಿಶ್ ಆಯ್ತಲ್ಲ ಬಿಡಿ" ಅಂದ್ರು. ಇಲ್ಲ, 41 ಸೆಕೆಂಡ್ ಬಾಕಿ ಇದೆ.

ಶುಗರ್ ಕಥೆ ಹೇಳ್ತೀನಿ. ಎರಡು ತಿಂಗಳು ಪ್ರತಿ ಟೆಂಪೋ ದಿನ ಬರೆದಿಟ್ಟಿದ್ದನ್ನ ನಮ್ಮ ಡಾಕ್ಟ್ರಿಗೆ ತೋರಿಸಿದೆ, ಅವರು ರೇಸ್ ಬೆಳಗಿನ ಡೋಸ್ ಬೇರೇನೇ ಹಾಕಿಕೊಟ್ರು. ಮೂರೂವರೆಗೆ ಎದ್ದೆ, 138. ಎರಡು ಇಡ್ಲಿ ತೂಗಿ ತಿಂದೆ. ಸ್ಟಾರ್ಟ್ ಲೈನಲ್ಲಿ 152, ಬಾಣ ಅಡ್ಡಕ್ಕೆ. ಮೊದಲ ಒಂದೂವರೆ ಕಿಮೀ ಜನಜಂಗುಳಿ, ಅಲ್ಲೇ ಸೆಕೆಂಡ್ ಹೋಯ್ತು. ಐದು ಕಿಮೀ 21:50. ಏಳನೇ ಕಿಮೀಲಿ ತೊಡೆಗೆ ಮರಳುಮೂಟೆ ಬರುತ್ತೆ ಅಂತ ಕಾಯ್ತಿದ್ದೆ, ಬರ್ಲಿಲ್ಲ! ಕೊನೆ ಎರಡು ಕಿಮೀ 4:14, 4:09. ಮುಗಿಸಿದಾಗ ಕೈ ತೊಳೆದು ಚುಚ್ಚಿದ್ದು, 231. ಅರ್ಧ ಕರೆಕ್ಷನ್. ಮಧ್ಯಾಹ್ನ ಎರಡಕ್ಕೆ 118. ರೈಲಲ್ಲಿ ಮದ್ದೂರು ವಡೆ ತಿಂದು ಮಲಗಿಬಿಟ್ಟೆ.

ಹುಬ್ಬಳ್ಳಿ ಅವ್ವ:
ಅಕ್ಕಾರ!! ನನ್ನ ಮಗ ಪಿಟಿ ಮಾಸ್ತರಿಗೆ ನೀವು ಬರದದ್ದು ಓದಿ ತೋರಿಸ್ಯಾನ, ನಾನೂ ಹೋಗಿ ಡಾಕ್ಟರ್ ಚೀಟಿ ಕೊಟ್ಟೆ. ಜೂನ್‌ನ್ಯಾಗ ಸಾಲಿ ಸುರು ಆದ ಮ್ಯಾಲ ಪ್ರ್ಯಾಕ್ಟೀಸಿಗೆ ಬಾ ಅಂದಾರ್ರಿ.

ಗಂಗೋತ್ರಿ ವಾಕರ್:
ಬುಧವಾರ ಬೆಳಿಗ್ಗೆ ಬರ್ತೀಯಾ ತಂಗಿ, ಇಲ್ಲ ಇನ್ನೂ ರೆಸ್ಟಾ?

ಹಳೇ ಕೋಚ್:
ಕೊನೆ ಎರಡು ಕಿಮೀ ಆ ಪೇಸಲ್ಲಿ ಓಡಿದೀಯ ಅಂದ್ರೆ ಶುರುವಿನಲ್ಲಿ ಹಿಂದೆ ನಿಂತಿದ್ದೇ ತಪ್ಪು, ಮುಂದಿನ ಸಲ ಬೇಗ ಹೋಗಿ ಮುಂದೆ ನಿಲ್ಲು. ಈ ವಾರ ಪೂರ್ತಿ ಆರು ನಿಮಿಷದ ಪೇಸು, ಟ್ರ್ಯಾಕಿಗೆ ಕಾಲಿಡಬೇಡ.

ಹೇಮಾವತಿ ದಡ:
ಸರಿ ಸರ್. ಅಣ್ಣ, ಬುಧವಾರ ಐದೂಮುಕ್ಕಾಲಿಗೆ ಗೇಟ್ ಹತ್ರ ಇರ್ತೀನಿ.